ಹಳೇ ಪೆಟ್ಟಿಗೆಯ 38 ಬಟ್ಟೆಗಳು: ಯಾವುದು ಎಂತದ್ದು, ಮಳೆಗಾಲದ ಮೊದಲು ಎಂತ ಮಾಡಬೇಕು?

ಬದಿಯಡ್ಕದವ

ಕಾಸರಗೋಡು ಕಡೆಯ ನಮ್ಮ ಊರಿನ ಗ್ರಂಥಾಲಯದ ಮಾಳಿಗೆಯಲ್ಲಿ ಒಂದು ಕೋಣೆ ಖಾಲಿ ಮಾಡಿ ಹಳೇ ವಸ್ತುಗಳನ್ನು ಇಡುವ ಕೆಲಸ ಶುರುವಾಗಿದೆ. ಮೂರು ಮನೆಗಳಿಂದ ಒಟ್ಟು 38 ಬಟ್ಟೆಗಳು ಬಂದಿವೆ. ಹತ್ತಿ ಸೀರೆ 11, ಜರಿ ಅಂಚಿನ ರೇಷ್ಮೆ ಸೀರೆ 6, ಕೆಂಪು ಸೆರಗಿನ ದಪ್ಪ ಸೀರೆ 2, ಬಿಳಿ ಮುಂಡು ಮತ್ತು ಶಲ್ಯ ಸೇರಿ 9, ತಳಂಗರೆಯ ಕಸೂತಿ ತೊಪ್ಪಿ 3, ಕರಿ ಉಣ್ಣೆ ಕೋಟು 1, ತೆಂಕುತಿಟ್ಟು ಯಕ್ಷಗಾನ ವೇಷದ ದಗಲೆ (ಅಂಗಿ) 2, ಸೋಗೆವಲ್ಲಿ (ವೇಷಕ್ಕೆ ಹೊದೆಯುವ ವಲ್ಲಿ) 2, ಮರದ ಎದೆಪದಕ 1, ಗಿರಣಿಯ ಮುದ್ರೆ ಇರುವ ಹೊಲಿಯದ ಬಿಳಿ ಬಟ್ಟೆ 1.

ಸಮಿತಿಯವರು ಹೇಳುವುದು ಹೀಗೆ: ಎಲ್ಲವನ್ನೂ ಅಂಟುವಾಳದ ನೀರಲ್ಲಿ ತೊಳೆದು, ಎರಡು ದಿನ ಬಿಸಿಲಿಗೆ ಹಾಕಿ, ಇಸ್ತ್ರಿ ಮಾಡಿ, ನುಸಿಗುಳಿಗೆ ಹಾಕಿ ಹಲಸಿನ ಮರದ ಕಪಾಟಿನಲ್ಲಿ ಇಡುವುದು. ಈಗ ಕುಂಭ ತಿಂಗಳು, ಮಳೆಗೆ ಇನ್ನು ಮೂರು ತಿಂಗಳು ಉಂಟು. ಈ ಕ್ರಮ ಸರಿಯಾ? ಯಾವ ಬಟ್ಟೆ ಯಾವ ಕಾಲದ್ದು ಅಂತ ತಿಳಿಯುವುದು ಹೇಗೆ?

ನೂಲೆಣಿಕೆ

ತೊಳೆಯುವುದನ್ನು ಇವತ್ತೇ ನಿಲ್ಲಿಸಲಿಕ್ಕೆ ಹೇಳಿ. ಬಿಸಿಲೂ ಬೇಡ, ಇಸ್ತ್ರಿಯೂ ಬೇಡ, ಗುಳಿಗೆಯೂ ಬೇಡ. ಕಪಾಟಿನ ವಿಷಯ ಆಮೇಲೆ ನೋಡುವ.

ಹಳೇ ಬಟ್ಟೆಗೆ ನೀರು ಮುಟ್ಟಿಸಿದರೆ ಹಿಂದೆ ಬರುವ ದಾರಿ ಇಲ್ಲ. ಬಣ್ಣ ಬಿಟ್ಟರೆ ಬಿಟ್ಟಿತು, ಮುದ್ರೆ ಹೋದರೆ ಹೋಯಿತು, ಒಳಗೆ ಕೊಳೆತ ನೂಲು ಒದ್ದೆಯಾಗಿ ತನ್ನದೇ ಭಾರಕ್ಕೆ ಹರಿದರೆ ಮುಗಿಯಿತು. ಮೊದಲು ಪ್ರತಿಯೊಂದು ಎಂತದ್ದು ಅಂತ ಗೊತ್ತಾಗಬೇಕು, ಅದಕ್ಕಿಂತ ಮೊದಲು ಹುಳ ಇದೆಯೋ ನೋಡಬೇಕು.

ಮೂರು ಮನೆಯ ಬಟ್ಟೆಗಳನ್ನು ಒಟ್ಟು ಸೇರಿಸಬೇಡಿ. ಮನೆಗೊಂದು ಮೇಜು, ಮೇಜಿನ ಮೇಲೆ ಬಿಳಿ ಹಾಸು. ಪ್ರತಿ ಬಟ್ಟೆಯನ್ನು ಬಿಡಿಸಿ, ಮಡಿಕೆಯ ಒಳಗೆ, ಹೊಲಿಗೆಯ ಸಂದಿಯಲ್ಲಿ, ಕಾಲರಿನ ಅಡಿಯಲ್ಲಿ ನೋಡಿ. ಮರಳಿನ ಕಾಳಿನ ಹಾಗೆ ಹಿಕ್ಕೆ, ರೇಷ್ಮೆಯಂಥ ಬಲೆ, ಬಟ್ಟೆಯದೇ ಬಣ್ಣದ ಸಣ್ಣ ಕೊಳವೆ, ಕೂದಲಿರುವ ಕಂದು ಹುಳ ಬಿಟ್ಟ ಪೊರೆ: ಇವು ಕಂಡರೆ ಆ ಮನೆಯ ಕಟ್ಟು ಪೂರ್ತಿ ಬೇರೆ ಕೋಣೆಗೆ ಹೋಗಲಿ. ಉಣ್ಣೆ ಮತ್ತು ರೇಷ್ಮೆಯಲ್ಲಿ ತೂತು ಕಂಡರೆ ಬಟ್ಟೆಪತಂಗದ ಅಥವಾ ಕಾರ್ಪೆಟ್ ಜೀರುಂಡೆಯ ಮರಿಹುಳದ ಕೆಲಸ. ಗಂಜಿ ಹಾಕಿದ ಹತ್ತಿಯ ಮೇಲ್ಮೈ ಮಾತ್ರ ಕೆರೆದ ಹಾಗಿದ್ದರೆ ಪುಸ್ತಕದಲ್ಲಿ ಓಡಾಡುವ ಆ ಬೆಳ್ಳಿ ಬಣ್ಣದ ಹುಳ. ಅದಕ್ಕೆ ಬೇಕಾದ್ದು ಗಂಜಿ.

ಕೈಗೆ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ, ಉಂಗುರ ಬಳೆ ತೆಗೆದಿಡಿ. ಹತ್ತಿ ಗ್ಲೌಸಿನ ಎಳೆ ಜರಿಗೆ ಸಿಕ್ಕಿಕೊಳ್ಳುತ್ತದೆ.

ಬದಿಯಡ್ಕದವ

ಕೋಟಿನ ಕೈಯಲ್ಲಿ ತೂತು ಉಂಟು, ಬಲೆಯ ಹಾಗೆ ಸ್ವಲ್ಪ ಕಾಣುತ್ತದೆ. ಉಳಿದದ್ದರಲ್ಲಿ ಜೀವ ಇರುವ ಹುಳ ಕಾಣಲಿಲ್ಲ.

ನೂಲೆಣಿಕೆ

ಹಾಗಾದರೆ ಕೋಟು ಬಂದ ಮನೆಯ ಉಣ್ಣೆ, ರೇಷ್ಮೆ ಎರಡನ್ನೂ ಫ್ರೀಜರಿಗೆ ಹಾಕಬೇಕು. ಬಟ್ಟೆಯನ್ನು ಮೊದಲು ಹಳೇ ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿ, ಆಮೇಲೆ ಪಾಲಿಥೀನ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿಯನ್ನು ಟೇಪಿನಿಂದ ಪೂರ್ತಿ ಮುಚ್ಚಿ. ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ. ಮನೆಯ ಫ್ರಿಜ್ಜಿನ ಮೇಲಿನ ಖಾನೆಯನ್ನು ನಂಬಬೇಡಿ. ಬಾಗಿಲು ತೆಗೆದು ಹಾಕಿದ ಹಾಗೆ ಅಲ್ಲಿ ಶಾಖ ಏರಿಳಿಯುತ್ತದೆ, ನಿಧಾನವಾಗಿ ತಂಪಾದರೆ ಹುಳ ಒಗ್ಗಿಕೊಂಡು ಬದುಕುತ್ತದೆ. ಮೇಲಿನಿಂದ ಮುಚ್ಚಳ ತೆಗೆಯುವ ಚೆಸ್ಟ್ ಫ್ರೀಜರ್ ಬೇಕು, ಒಳಗೆ ಥರ್ಮಾಮೀಟರ್ ಇರಬೇಕು. ಮೀನು ಇಡುವ ಫ್ರೀಜರ್ ಆದರೆ ಬೇಡ.

ಹೊರಗೆ ತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ. ಈ ಒಂದು ಕಡೆ ತುಂಬಾ ಜನ ತಪ್ಪುತ್ತಾರೆ. ತಂಪು ಬಟ್ಟೆಗೆ ನಮ್ಮ ಕರಾವಳಿಯ ಗಾಳಿ ತಗಲಿದರೆ ಸೋಡಾ ಬಾಟಲಿ ಬೆವರಿದ ಹಾಗೆ ನೀರು ಕೂತುಬಿಡುತ್ತದೆ. ಚೀಲ ಮುಚ್ಚಿದ್ದರೆ ಆ ನೀರು ಚೀಲದ ಹೊರಗೆ ಕೂರುತ್ತದೆ.

ಎದೆಪದಕವನ್ನು ಮಾತ್ರ ಹಾಕಬೇಡಿ. ಮರ, ಕನ್ನಡಿ, ಬೇಗಡೆ, ಅಂಟು ಒಂದೊಂದು ಒಂದೊಂದು ರೀತಿ ಕುಗ್ಗಿ ಬಿಟ್ಟುಕೊಳ್ಳುತ್ತವೆ.

ರಸಾಯನ ಮಾಷ್ಟ್ರು

ಗುಳಿಗೆಯ ಬಗ್ಗೆ ನಾನು ಹೇಳುತ್ತೇನೆ. ನಫ್ತಲೀನ್ ಘನದಿಂದ ನೇರ ಅನಿಲವಾಗುತ್ತದೆ. ಹುಳ ಸಾಯಬೇಕಾದರೆ ಆ ಅನಿಲ ಮುಚ್ಚಿದ ಜಾಗದಲ್ಲಿ ದಟ್ಟವಾಗಿ ತುಂಬಬೇಕು. ಕಪಾಟಿನ ಬಾಗಿಲು ದಿನಾ ತೆರೆಯುವಲ್ಲಿ ಅದು ಆಗುವುದಿಲ್ಲ, ನಮ್ಮ ಮೂಗಿಗೆ ಮಾತ್ರ ಬರುತ್ತದೆ. ಕ್ಯಾನ್ಸರ್ ತರಬಹುದಾದ ಪದಾರ್ಥಗಳ ಪಟ್ಟಿಯಲ್ಲಿ ಅದು ಉಂಟು. ಜಿ6ಪಿಡಿ ಕಿಣ್ವ ಕಡಿಮೆ ಇರುವ ಮಕ್ಕಳಿಗೆ ಅದರ ಹಬೆಯಿಂದ ಕೆಂಪು ರಕ್ತಕಣಗಳೇ ಒಡೆಯುತ್ತವೆ. ಗ್ರಂಥಾಲಯಕ್ಕೆ ಮಕ್ಕಳು ಬರುವುದಿಲ್ಲವಾ?

ಇನ್ನೊಂದು ಅಪಾಯ: ಕೆಲವರು ಗುಳಿಗೆಯ ಜೊತೆಗೆ ಕರ್ಪೂರವನ್ನೂ ಇಡುತ್ತಾರೆ. ನಫ್ತಲೀನ್, ಕರ್ಪೂರ ಎರಡೂ ತಾಗಿಕೊಂಡರೆ ಕರಗುವ ಶಾಖ ಇಳಿದು ಎಣ್ಣೆಯಂತೆ ದ್ರವವಾಗುತ್ತವೆ. ಅದು ರೇಷ್ಮೆಗೆ ಇಳಿದರೆ ಕಲೆ ಉಳಿಯುತ್ತದೆ.

ಪೆರ್ಲದಿಂದ

ಬಜೆ, ಲಾವಂಚ, ಬೇವಿನ ಎಲೆ ಇಟ್ಟರೆ ಆಗುದಿಲ್ವಾ? ಹಿಂದೆ ಎಲ್ಲ ಅದನ್ನೇ ಇಡುತ್ತಿದ್ದದ್ದು.

ನೂಲೆಣಿಕೆ

ಇಡಬಹುದು, ಆದರೆ ಬಟ್ಟೆಗೆ ತಾಗದ ಹಾಗೆ. ಪೂರ್ತಿ ಒಣಗಿದ ಬಜೆಯ ತುಂಡನ್ನು ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ ಕಪಾಟಿನ ಮೂಲೆಯಲ್ಲಿ ತೂಗಿಸಿ, ಆರು ತಿಂಗಳಿಗೊಮ್ಮೆ ಬದಲಿಸಿ. ಅದರ ಎಣ್ಣೆ ಬಟ್ಟೆಗೆ ಇಳಿದರೆ ಹಳದಿ ಕಲೆ, ಹಸಿ ಬೇವಿನ ಎಲೆ ಇಟ್ಟರೆ ಅದರ ತೇವಕ್ಕೇ ಬೂಷ್ಟು. ಇವು ಹೊಸ ಹುಳ ಬರುವುದನ್ನು ಸ್ವಲ್ಪ ತಡೆಯಬಹುದು, ಒಳಗೆ ಇರುವ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಎಲ್ಲಕ್ಕಿಂತ ಕೆಲಸಕ್ಕೆ ಬರುವುದು ನೆಲದಲ್ಲಿ ಇಡುವ ಅಂಟಿನ ಬಲೆ, ಮತ್ತು ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ತೆರೆದು ನೋಡುವ ಒಬ್ಬ ಮನುಷ್ಯ.

ಮಗ್ಗದ ಬದಿ

ಗುರುತಿಸುವ ಪ್ರಶ್ನೆಗೆ ಬರುತ್ತೇನೆ. ಬಟ್ಟೆಯ ನಡುವಿನ ಚಂದ ನೋಡಬೇಡಿ, ಅಂಚು ಮತ್ತು ತುದಿ ನೋಡಿ. ಬಟ್ಟೆ ಸುಳ್ಳು ಹೇಳದ ಜಾಗ ಅದು.

ಒಂದು ಇಂಚು ಚೌಕದ ಭೂತಗನ್ನಡಿ ತೆಗೆದುಕೊಳ್ಳಿ, ನೇಯ್ಗೆಯವರು ಪಿಕ್ ಗ್ಲಾಸ್ ಅನ್ನುವುದು ಇದನ್ನೇ. ಹಾಸಿನ (ಉದ್ದದ) ಎಳೆ ಎಷ್ಟು, ಹೊಕ್ಕಿನ (ಅಡ್ಡದ) ಎಳೆ ಎಷ್ಟು, ಮೂರು ಜಾಗದಲ್ಲಿ ಎಣಿಸಿ ಬರೆಯಿರಿ. ಕೈಮಗ್ಗದಲ್ಲಿ ಹೊಕ್ಕಿನ ಲೆಕ್ಕ ಜಾಗದಿಂದ ಜಾಗಕ್ಕೆ ಹೆಚ್ಚು ಕಡಿಮೆ ಆಗುತ್ತದೆ, ಯಾಕೆಂದರೆ ಪ್ರತಿ ಬಡಿತ ಒಂದೇ ಬಲದ್ದಲ್ಲ. ಅಂಚಿನ ಪಕ್ಕ ಬೆಳಕಿಗೆ ಹಿಡಿದರೆ ಸೂಜಿಮೊನೆಯ ತೂತುಗಳು ಗೇಣು ಗೇಣಿಗೆ ಗುಂಪಾಗಿ ಕಾಣಬಹುದು. ಬಟ್ಟೆಯ ಅಗಲ ಕುಗ್ಗದಂತೆ ಚಾಚಿ ಹಿಡಿಯುವ ಕೋಲನ್ನು ನೇಕಾರರು ಆಗಾಗ ಮುಂದೆ ಸರಿಸಿದ ಗುರುತು ಅದು. ತೂತು ಸಾಲಾಗಿ ಎಲ್ಲೂ ಬಿಡದೆ ಬಂದಿದ್ದರೆ ಯಂತ್ರದ ಮಗ್ಗ. ಹೊಕ್ಕಿನ ಎಳೆ ಅಂಚಲ್ಲಿ ತಿರುಗಿ ಒಳಗೆ ಬಂದಿದ್ದರೆ ಲಾಳಿಯ ಮಗ್ಗ, ಅದು ಕೈಯದ್ದೂ ಇರಬಹುದು, ಹಳೇ ಯಂತ್ರದ್ದೂ ಇರಬಹುದು. ಎಳೆ ಕತ್ತರಿಸಿ ಜುಂಜಾಗಿ ನಿಂತಿದ್ದರೆ ಲಾಳಿ ಇಲ್ಲದ ಹೊಸ ಯಂತ್ರ, ಅದನ್ನು ಅಜ್ಜಿ ಕಾಲದ್ದು ಅಂತ ಬರೆಯಬೇಡಿ.

ನಮ್ಮ ಕಾಸರಗೋಡು ಸೀರೆ ಗುರುತಿಸುವುದು: ಶಾಲಿಯರು ನೇಯುವ ಹತ್ತಿ ಸೀರೆ, ಗಟ್ಟಿ ವ್ಯಾಟ್ ಬಣ್ಣ (ತೊಳೆದರೂ ಸುಲಭಕ್ಕೆ ಬಿಡದ್ದು), ಸಣ್ಣ ನೂಲು, ಮೈಯಲ್ಲಿ ಗೆರೆ ಅಥವಾ ಚೌಕುಳಿ, ಅಂಚಲ್ಲಿ ಡಾಬಿ ಎಂಬ ಮಗ್ಗದ ಸಾಧನದಿಂದ ತೆಗೆದ ಸಣ್ಣ ಚಿತ್ರ. ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಉಂಟು. ಆದರೆ ಹತ್ತಿ ಸೀರೆ ಕಂಡ ಕೂಡಲೆ ಕಾಸರಗೋಡಿನದ್ದು ಅಂತ ಚೀಟಿ ಅಂಟಿಸಬೇಡಿ. ಮಂಗಳೂರು, ಕಣ್ಣೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಗಳ ಬಟ್ಟೆ 19ನೇ ಶತಮಾನದ ನಡುವಿನಿಂದಲೇ ಈ ಕಡೆ ತಿರುಗಾಡುತ್ತಿತ್ತು, ಮದ್ರಾಸು ಕಡೆಯ ಬಟ್ಟೆಯೂ ಬರುತ್ತಿತ್ತು. 1956ರ ನವೆಂಬರ್ 1ರ ತನಕ ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವರು, ವ್ಯಾಪಾರದ ದಾರಿಯೂ ಹಾಗೇ. ತಂದ ಮನೆಯವರು ಎಲ್ಲಿಂದ ಕೊಂಡದ್ದು ಅಂದರೋ ಅದನ್ನು ಅವರ ಮಾತಲ್ಲೇ ಬರೆದಿಡಿ, ನಿಮ್ಮ ಊಹೆಯನ್ನು ಬೇರೆ ಸಾಲಲ್ಲಿ ಬರೆಯಿರಿ.

ಅಕ್ಕಲಕೋಟೆಯಿಂದ

ಕೆಂಪು ಸೆರಗಿನ ಎರಡು ದಪ್ಪ ಸೀರೆ ಅಂದಿರಲ್ಲ, ಸೆರಗಿನಲ್ಲಿ ಬಿಳಿ ಹಲ್ಲುಹಲ್ಲಿನ ಚಿತ್ರ ಇದ್ದರೆ ಅದು ಇಳಕಲ್. ನಮ್ಮ ಸೊಲ್ಲಾಪುರ ಕಡೆ ಇರಕಲ್ ಅಂತಾರ. ಸೆರಗು ಮೈಗೆ ಕೂಡೋ ಜಾಗಾ ನೋಡ್ರಿ. ಮೈಯ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ, ಒಂದೊಂದು ಎಳಿ ಕೊಂಡಿ ಹಾಕಿ ಕೂಡಿಸಿರ್ತಾರ, ಅಡ್ಡಕ್ಕ ಒಂದು ಗೆರಿ ಸಿಗತದ. ಹೊಲಿಗಿ ಇರೂದಿಲ್ಲ. ಅದು ಸಿಕ್ಕರ ಗುರುತು ಪಕ್ಕಾ.

ಮಡಚಬೇಕಾದರ ಆ ಕೊಂಡಿಯ ಗೆರಿ ಮ್ಯಾಲೆ ಮಡಿಕಿ ಬರಬಾರದು. ಮೊದಲು ಹರಿಯೋದು ಅಲ್ಲೇ. ಸೆರಗಿನ ಕೆಂಪು ನೀರಿಗೆ ಬಿಡೂದು ಭಾಳ.

ಮಗ್ಗದ ಬದಿ

ಒಳ್ಳೇದಾಯ್ತು ಅಣ್ಣಾ. ಆ ಸೆರಗು ಅಸಲು ರೇಷ್ಮೆಯೋ ರೇಯಾನೋ ಅಂತಲೂ ನೋಡಬೇಕು. ರೇಯಾನಿನ ಒಂದು ಬಗೆಯಾದ ವಿಸ್ಕೋಸ್ ಕಂಡುಹಿಡಿದದ್ದು 1892ರಲ್ಲಿ. ಕೃತಕ ರೇಷ್ಮೆ ಮೊದಲು ಹೊರಗಿನಿಂದ ಬರುತ್ತಿತ್ತು, 1950ರಲ್ಲಿ ಕೇರಳದಲ್ಲೇ ರೇಯಾನ್ ತಯಾರಿ ಶುರುವಾಯಿತು. ಹೊಳಪಲ್ಲಿ ರೇಷ್ಮೆಯನ್ನೇ ಹೋಲುತ್ತದೆ, ಆದರೆ ಒದ್ದೆಯಾದಾಗ ಅದರ ಬಲ ಅರ್ಧಕ್ಕೆ ಇಳಿಯುತ್ತದೆ. ಅಂಥ ಸೆರಗನ್ನು ನೀರಿನಿಂದ ಎತ್ತುವಾಗಲೇ ಹರಿಯುವುದು.

ರಸಾಯನ ಮಾಷ್ಟ್ರು

ಸುಡುವ ಪರೀಕ್ಷೆ ಮಾಡುವುದಿದ್ದರೆ ಬಟ್ಟೆಯಿಂದ ಎಳೆ ಕೀಳಬೇಡಿ. ಮಡಿಕೆಯಲ್ಲಿ ತಾನಾಗಿ ಉದುರಿದ ಒಂದು ಸೆಂಟಿಮೀಟರ್ ನೂಲು ಸಾಕು. ಹಾಸಿನದ್ದು, ಹೊಕ್ಕಿನದ್ದು ಬೇರೆ ಬೇರೆ ನೋಡಿ. ಚಿಮ್ಮಟದಲ್ಲಿ ಹಿಡಿದು, ಬಟ್ಟೆಗಳಿಂದ ದೂರ, ಉಕ್ಕಿನ ತಟ್ಟೆಯ ಮೇಲೆ.

ಹತ್ತಿ ಬೇಗ ಉರಿಯುತ್ತದೆ, ಕಾಗದ ಸುಟ್ಟ ವಾಸನೆ, ಜ್ವಾಲೆ ಹೋದ ಮೇಲೂ ಕೆಂಡ ಓಡುತ್ತದೆ, ಬೂದು ಬಣ್ಣದ ಮೆತ್ತನೆ ಬೂದಿ. ರೇಯಾನ್ ಕೂಡ ಹಾಗೇ. ರೇಷ್ಮೆ, ಉಣ್ಣೆ ಎರಡೂ ಕೂದಲು ಸುಟ್ಟ ವಾಸನೆ, ಜ್ವಾಲೆ ತೆಗೆದರೆ ಆರುತ್ತದೆ, ಕರಿ ಮಣಿ ಉಳಿಯುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ಅದು ಪುಡಿಯಾಗುವುದಿಲ್ಲ. ಅಂದರೆ ಹೊಳಪಿನ ಸೆರಗಿನ ನೂಲು ಕಾಗದದ ವಾಸನೆ ಕೊಟ್ಟರೆ ಅದು ರೇಷ್ಮೆ ಅಲ್ಲ.

ಕಾಲ ಹೇಳುವಾಗ ಒಂದು ನಿಯಮ: ಬಟ್ಟೆಯಲ್ಲಿ ಇರುವ ಅತಿ ಹೊಸ ವಸ್ತುವಿಗಿಂತ ಬಟ್ಟೆ ಹಳೇದಾಗಲಿಕ್ಕಿಲ್ಲ. ನೇರಳೆ ಅನಿಲೀನ್ ಬಣ್ಣ ಬಂದದ್ದು 1856ರಲ್ಲಿ, ಕಾರ್ಖಾನೆಯಲ್ಲಿ ಮಾಡಿದ ನೀಲಿ (ಇಂಡಿಗೊ) ಮಾರಾಟಕ್ಕೆ ಬಂದದ್ದು 1897ರಲ್ಲಿ, ನೈಲಾನ್ 1930ರ ದಶಕದ ಕೊನೆಗೆ. ಆದರೆ ಆ ಹೊಸ ವಸ್ತು ಆಮೇಲೆ ಹಾಕಿದ ತೇಪೆಯದ್ದೋ ಮೂಲದ್ದೋ ಅಂತ ಮೊದಲು ತೀರ್ಮಾನಿಸಿ. ಪಾಲಿಯೆಸ್ಟರ್ ನೂಲಲ್ಲಿ ಹಾಕಿದ ಹೊಸ ಫಾಲ್ ಸೀರೆಯ ಕಾಲ ಹೇಳುವುದಿಲ್ಲ.

ಬದಿಯಡ್ಕದವ

ಹೊಲಿಯದ ಬಿಳಿ ಬಟ್ಟೆಯ ಮುದ್ರೆಯಲ್ಲಿ ಇಂಗ್ಲಿಷ್ ಅಕ್ಷರ, ಒಂದು ಸಂಖ್ಯೆ, ಗಜದ ಲೆಕ್ಕ ಉಂಟು. ಅಂಟಿಸಿದ ಬಣ್ಣದ ಚಿತ್ರದ ಚೀಟಿ ಅರ್ಧ ಉಳಿದಿದೆ. ರೇಷ್ಮೆ ಸೀರೆಗಳ ಜರಿ ಕೆಲವು ಕಡೆ ಕಪ್ಪು, ಎರಡರಲ್ಲಿ ಹಸಿರು. ಹುಣಸೆಹುಳಿ ಹಾಕಿ ತಿಕ್ಕಿದರೆ ಹೋಗುತ್ತದೆ ಅಂತ ಒಬ್ಬರು ಹೇಳಿದರು.

ಮಗ್ಗದ ಬದಿ

ಆ ಬಿಳಿ ಬಟ್ಟೆ ನಿಮ್ಮ ಸಂಗ್ರಹದಲ್ಲಿ ಕಾಲ ಹೇಳಲು ಎಲ್ಲಕ್ಕಿಂತ ಸುಲಭದ್ದು, ಹಾಗಾಗಿ ಎಲ್ಲಕ್ಕಿಂತ ಜೋಪಾನ. 1889ರ ಸರಕು ಗುರುತಿನ ಕಾಯಿದೆ (ಮರ್ಚಂಡೈಸ್ ಮಾರ್ಕ್ಸ್ ಆಕ್ಟ್) ಪ್ರಕಾರ ಗಿರಣಿಯಿಂದ ಇಡಿಯಾಗಿ ಬರುವ ಥಾನು ಬಟ್ಟೆಯ ಮೇಲೆ ಗಜದ ಉದ್ದವನ್ನು ಮುದ್ರಿಸಲೇಬೇಕಿತ್ತು. 1956ರ ತೂಕ ಅಳತೆ ಕಾಯಿದೆಯ ನಂತರ ಹಂತಹಂತವಾಗಿ ಮೀಟರ್ ಬಂತು. ಗಜದ ಮುದ್ರೆ ಇದ್ದರೆ ಬಟ್ಟೆ ಹೆಚ್ಚುಕಮ್ಮಿ ಈ ಎರಡರ ನಡುವಿನದ್ದು. ಗಿರಣಿಯ ಹೆಸರು, ಸಂಖ್ಯೆ, ಚೀಟಿಯ ಚಿತ್ರ ಎಲ್ಲದರ ಫೋಟೋ ಅಳತೆಪಟ್ಟಿ ಪಕ್ಕ ಇಟ್ಟು ತೆಗೆಯಿರಿ. ಮುದ್ರೆಯ ಶಾಯಿ ನೀರಿಗೆ ಹೋಗುತ್ತದೆ, ಚೀಟಿಯ ಅಂಟು ಹುಳಕ್ಕೆ ಊಟ. ಮುದ್ರೆ ಹೊರಗೆ ಕಾಣುವ ಹಾಗೆ ಸುರುಳಿ ಸುತ್ತಿ ಇಡಿ. ಸಮಿತಿಯವರಿಗೆ ಹೇಳಿ, ಇದನ್ನು ಮೇಜಿನ ಮೇಲೆ ಹಾಸಲಿಕ್ಕೆ ಕತ್ತರಿಸಬೇಡಿ ಅಂತ.

ನೂಲೆಣಿಕೆ

ಹುಣಸೆಹುಳಿ, ನಿಂಬೆ, ಬೆಳ್ಳಿ ಪಾತ್ರೆ ಉಜ್ಜುವ ಪುಡಿ ಯಾವುದೂ ಜರಿಗೆ ಬೇಡ. ಅಸಲು ಜರಿ ಅಂದರೆ ರೇಷ್ಮೆ ಎಳೆಯ ಮೇಲೆ ಚಪ್ಪಟೆ ಮಾಡಿದ ಬೆಳ್ಳಿ ತಂತಿ ಸುತ್ತಿ, ಅದರ ಮೇಲೆ ಕೂದಲಿಗಿಂತ ಎಷ್ಟೋ ತೆಳು ಚಿನ್ನದ ಲೇಪ. ಉಜ್ಜಿದರೆ ಹೋಗುವುದು ಕಪ್ಪು ಮಾತ್ರ ಅಲ್ಲ, ಚಿನ್ನವೂ ಹೋಗುತ್ತದೆ. ಹುಳಿ ಒಳಗಿನ ರೇಷ್ಮೆಗೆ ಇಳಿದು ಅದನ್ನೂ ತಿನ್ನುತ್ತದೆ, ಪೂರ್ತಿ ತೊಳೆದು ತೆಗೆಯುವ ದಾರಿಯಿಲ್ಲ.

ಭೂತಗನ್ನಡಿಯಲ್ಲಿ ತುಂಡಾದ ತುದಿ ನೋಡಿ. ಒಳಗೆ ಹಳದಿ ಅಥವಾ ಕೇಸರಿ ಬಣ್ಣದ ರೇಷ್ಮೆ, ಸವೆದಲ್ಲಿ ಬಿಳಿ ಬೆಳ್ಳಿ ಕಂಡರೆ ಅಸಲು. ಸವೆದಲ್ಲಿ ಕೆಂಪು ತಾಮ್ರ ಕಂಡರೆ ನಕಲಿ ಜರಿ. ಹಸಿರು ಕಿಲುಬು ಬಂದ ಎರಡು ಸೀರೆಗಳಲ್ಲಿ ತಾಮ್ರ ಉಂಟು. ತಂತಿಯೇ ಇಲ್ಲದೆ ಪ್ಲಾಸ್ಟಿಕ್ ಪಟ್ಟಿ ಹೊಳೆದರೆ ಅದು 1950ರ ಈಚಿನದ್ದು. ಕಪ್ಪು ಬಂದದ್ದು ಬೆಳ್ಳಿಗೆ ಗಂಧಕ ತಾಗಿ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಕಡಿಮೆ ಬೆಲೆಯ ರಟ್ಟು ಇವು ಗಂಧಕ ಬಿಡುತ್ತವೆ. ಆದ್ದರಿಂದ ಜರಿ ಸೀರೆ ಮತ್ತು ಉಣ್ಣೆ ಕೋಟು ಒಂದೇ ಪೆಟ್ಟಿಗೆಯಲ್ಲಿ ಇರಬಾರದು. ಕಪ್ಪು ಅಲ್ಲೇ ಇರಲಿ, ಅದರಿಂದ ಸೀರೆ ಹರಿಯುವುದಿಲ್ಲ. ಹಸಿರಿನ ಜಾಗ ಒಣ ಇರಬೇಕು. ಪುಡಿ ಎದ್ದಿದ್ದರೆ ಮೆತ್ತನೆ ಬ್ರಶ್ಶಿನಲ್ಲಿ ಆ ಜಾಗದ್ದಷ್ಟೇ ತೆಗೆಯಿರಿ, ಪಕ್ಕದ ಪದರಕ್ಕೆ ಅಂಟದ ಹಾಗೆ ನಡುವೆ ಆಮ್ಲರಹಿತ ಕಾಗದ ಇಡಿ.

ಚೌಕಿಮನೆ

ದಗಲೆ ಮುಟ್ಟುವ ಮೊದಲು ಇದು ಗೊತ್ತಿರಲಿ. ಹಿಂದೆ ಮುಖವರ್ಣಿಕೆಗೆ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಬಳಸುತ್ತಿದ್ದರು. ಅರದಾಳದಲ್ಲಿ ಆರ್ಸೆನಿಕ್ ಉಂಟು, ಇಂಗಳೀಕದಲ್ಲಿ ಪಾದರಸ. ಕುತ್ತಿಗೆ, ಕೈಯ ತುದಿ, ಸೋಗೆವಲ್ಲಿಯ ಮೇಲ್ಭಾಗದಲ್ಲಿ ಒಣಗಿದ ಬಣ್ಣ ಇದ್ದೇ ಇರುತ್ತದೆ. ಗ್ಲೌಸ್, ಎನ್95 ಮಾಸ್ಕ್ ಹಾಕದೆ ಕೊಡವಬೇಡಿ. ದಗಲೆ ಹಾಕಿ ಮಕ್ಕಳ ಫೋಟೋ ತೆಗೆಯುವುದು ಬೇಡವೇ ಬೇಡ.

ಬೆವರಿನ ಉಪ್ಪು, ಎಣ್ಣೆಮಸಿ, ಬಣ್ಣ ಸೇರಿ ಕಂಕುಳ ಹತ್ತಿರ ಬಟ್ಟೆ ಹಪ್ಪಳದ ಹಾಗೆ ಆಗಿರುತ್ತದೆ. ಅಲ್ಲಿ ಹಿಡಿದು ಎತ್ತಬಾರದು. ಕೆಳಗೆ ರಟ್ಟು ತೂರಿಸಿ, ರಟ್ಟಿನ ಸಮೇತ ಎತ್ತಬೇಕು. ಹ್ಯಾಂಗರಿಗೆ ಹಾಕಿದರೆ ಹೆಗಲಲ್ಲಿ ಹರಿಯುತ್ತದೆ. ಚಪ್ಪಟೆಯಾಗಿ ಮಲಗಿಸಿ, ಕೈಯೊಳಗೆ, ಹೆಗಲೊಳಗೆ ತೊಳೆದ ಕೋರಾ ಬಟ್ಟೆಯ ಮೆತ್ತನೆ ಸುರುಳಿ ತುಂಬಿಸಿ.

ಆ ಬಣ್ಣದ ಕಲೆಯನ್ನು ಕೊಳೆ ಅಂತ ತಿಳಿಯಬೇಡಿ. ಯಾವ ವೇಷಕ್ಕೆ ಕಟ್ಟಿದ್ದು, ಹೇಗೆ ಕಟ್ಟಿದ್ದು ಅಂತ ಹೇಳುವುದು ಅದೇ. ಕಸೆಯ ದಾರ ಎಲ್ಲಿ ಒತ್ತಿದೆ, ಭುಜಕೀರ್ತಿ ಎಲ್ಲಿ ಉಜ್ಜಿದೆ ಎಲ್ಲ ಅದರಲ್ಲಿ ಉಂಟು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಸೀಮೆಯಲ್ಲಿ ಇದ್ದುಕೊಂಡು ಹಳೇ ತೆಂಕುತಿಟ್ಟು ವೇಷದ ಬಟ್ಟೆ ಎಷ್ಟು ಉಳಿದಿದೆ ಹೇಳಿ? ಹರಿದದ್ದು ಬಿಚ್ಚಿ ಹೊಸದಕ್ಕೆ ಹೊಲಿಯುವುದೇ ಕ್ರಮವಾಗಿತ್ತು. ನಿಮಗೆ ಸಿಕ್ಕಿದ್ದನ್ನು ತೊಳೆದರೆ ಉಳಿಯುವುದು ಬರೀ ಕೆಂಪು ಬಟ್ಟೆ.

ಎದೆಪದಕದ ಕನ್ನಡಿ ಚೂರು, ಬೇಗಡೆ ಬಿದ್ದಿದ್ದರೆ ಫೆವಿಕಾಲ್ ಹಾಕಬೇಡಿ. ಬಿದ್ದ ಚೂರನ್ನು ಸಣ್ಣ ಪೊಟ್ಟಣದಲ್ಲಿ ಹಾಕಿ, ಎಲ್ಲಿಂದ ಬಿದ್ದದ್ದು ಅಂತ ಬರೆದು ಜೊತೆಗೇ ಇಡಿ.

ನೂಲೆಣಿಕೆ

ಚೌಕಿಮನೆಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸೋಗೆವಲ್ಲಿಯ ಅಥವಾ ಯಾವುದೇ ಹಳೇ ಬಟ್ಟೆಯ ಕಪ್ಪು ಗೆರೆಗಳು ಮಾತ್ರ ಪುಡಿಯಾಗಿ, ಕೆಂಪು ಗೆರೆ ಗಟ್ಟಿ ಇದ್ದರೆ ಅದು ಹುಳದ ಕೆಲಸ ಅಲ್ಲ. ಅಳಲೆಕಾಯಿಯ ಚೊಗರು ಮತ್ತು ಕಬ್ಬಿಣ ಸೇರಿ ಮಾಡಿದ ಕಪ್ಪು ಬಣ್ಣ ಅದು. ಆ ಕಬ್ಬಿಣವೇ ವರ್ಷಗಟ್ಟಲೆ ನೂಲನ್ನು ತಿನ್ನುತ್ತದೆ, ತೇವ ಇದ್ದರೆ ಇನ್ನೂ ಬೇಗ. ತಡೆಯುವ ಮದ್ದಿಲ್ಲ, ಮಡಚದೆ ಒಣಗಿಸಿ ಇಡುವುದಷ್ಟೇ.

ಕೋಟಿನ ಒಳಗಿನ ರೇಷ್ಮೆ ಅಸ್ತರು ಉದ್ದುದ್ದ ಸೀಳಿದ್ದರೆ ಅದೂ ಹಾಗೇ: 19ನೇ ಶತಮಾನದ ಕೊನೆ, 20ನೆಯದರ ಮೊದಲಲ್ಲಿ ಭಾರ ಬರಲೆಂದು ರೇಷ್ಮೆಗೆ ತವರದ ಲವಣ ಹಾಕುತ್ತಿದ್ದರು, ಆ ಲವಣ ಎಳೆಯನ್ನು ಒಳಗಿಂದಲೇ ಕತ್ತರಿಸುತ್ತದೆ. ಹೊಲಿದರೆ ಸೂಜಿ ಹೋದಲ್ಲೆಲ್ಲ ಹೊಸ ಸೀಳು. ಕೋಟಿನ ಗುಂಡಿ ಬೆರಳಲ್ಲಿ ಉಜ್ಜಿದಾಗ ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಅದು ಕೊಳೆಯುವಾಗ ಬಿಡುವ ಆಮ್ಲದ ಹಬೆ ಬಟ್ಟೆಯನ್ನೂ ಜರಿಯನ್ನೂ ತಿನ್ನುತ್ತದೆ, ಗಾಳಿ ಆಡುವ ಬೇರೆ ಪೆಟ್ಟಿಗೆಯಲ್ಲಿರಲಿ.

ಪೆರ್ಲದಿಂದ

ಅಕ್ಕಾ, ಬಿಸಿಲು ಬೇಡ ಅಂತ ಮೇಲೆ ಹೇಳಿದ್ದೀರಿ. ಮಳೆಗಾಲ ಕಳೆದು ಪತ್ತಾಯದ ಬಟ್ಟೆ ಬಿಸಿಲಿಗೆ ಹಾಕದಿದ್ದರೆ ಈ ಊರಲ್ಲಿ ಒಂದೂ ಉಳಿಯುತ್ತಿರಲಿಲ್ಲ. ಅದು ತಪ್ಪು ಅನ್ನುವುದು ಹೇಗೆ?

ನೂಲೆಣಿಕೆ

ಉಡುವ ಬಟ್ಟೆಗೆ ಅದು ಸರಿಯಾದ ಕ್ರಮ. ಹತ್ತಿಪ್ಪತ್ತು ವರ್ಷ ಉಟ್ಟು ಮುಗಿಸುವ ಸೀರೆಗೆ ಬೂಷ್ಟಿಗಿಂತ ಬಿಸಿಲು ವಾಸಿ. ಇಲ್ಲಿ ನೂರು ವರ್ಷ ಆದದ್ದನ್ನು ಇನ್ನೂ ನೂರು ವರ್ಷ ಇಡುವ ಲೆಕ್ಕ.

ಲೆಕ್ಕ ಹೀಗೆ: ಸಂಗ್ರಹಾಲಯದಲ್ಲಿ ಬಟ್ಟೆಗೆ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ಮೀರಬಾರದು. ದಿನಕ್ಕೆ 8 ಗಂಟೆ ಅಂದರೆ 400 ಲಕ್ಸ್-ಗಂಟೆ. ನೆತ್ತಿಯ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಅಂಗಳದಲ್ಲಿ ಒಂದು ಗಂಟೆ ಹರಡಿದರೆ 250 ದಿನದ ಪ್ರದರ್ಶನದಷ್ಟು ಬೆಳಕು ತಿಂದಾಯಿತು. ಬಿಸಿಲಿನ ನೇರಳಾತೀತ ಕಿರಣ ಬೇರೆ. ಬೆಳಕಿನ ಹಾನಿ ಕೂಡುತ್ತಾ ಹೋಗುತ್ತದೆ, ಕತ್ತಲಲ್ಲಿ ಇಟ್ಟರೆ ಮರಳಿ ಬರುವುದಿಲ್ಲ.

ಬಿಸಿಲಿಂದ ಹಿರಿಯರಿಗೆ ನಿಜವಾಗಿ ಸಿಕ್ಕಿದ್ದು ಒಣ ಗಾಳಿ ಮತ್ತು ವರ್ಷಕ್ಕೊಮ್ಮೆ ಎಲ್ಲ ಬಿಡಿಸಿ ನೋಡುವ ಅಭ್ಯಾಸ. ಅವೆರಡೂ ಜಗಲಿಯ ನೆರಳಲ್ಲೇ ಸಿಗುತ್ತವೆ. ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ ಶೇ. 60ಕ್ಕಿಂತ ಕೆಳಗೆ ತೋರಿಸುವ ಮಧ್ಯಾಹ್ನ, ಧನು ಮಕರದಲ್ಲಿ ಅಂಥವು ಸಿಗುತ್ತವೆ, ಕುಂಭದಲ್ಲೂ ಕೆಲವು ಸಿಗಬಹುದು, 11ರಿಂದ 4ರ ತನಕ ಕಿಟಕಿ ಪರದೆ ಎಳೆದ ಕೋಣೆಯಲ್ಲಿ ಹರಡಿ, ಫ್ಯಾನ್ ದೂರದಿಂದ ತಿರುಗಲಿ. ಸಂಜೆ ಇಬ್ಬನಿಯ ಮೊದಲು ಒಳಗೆ.

ರಸಾಯನ ಮಾಷ್ಟ್ರು

ಹೈಗ್ರೋಮೀಟರ್ ಕೊಂಡ ದಿನವೇ ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟೇ ನೀರು ಬಿಟ್ಟು, ಮೀಟರಿನೊಂದಿಗೆ ಜಿಪ್ ಚೀಲದಲ್ಲಿ 12 ಗಂಟೆ ಮುಚ್ಚಿಡಿ. 75 ತೋರಿಸಬೇಕು. 81 ತೋರಿಸಿದರೆ ಯಾವಾಗಲೂ 6 ಕಳೆದು ಓದಿ.

ಪೆಟ್ಟಿಗೆಯಲ್ಲಿ ಹಾಕುವ ಸಿಲಿಕಾ ಜೆಲ್ ಬಗ್ಗೆಯೂ ತಪ್ಪು ತಿಳಿವಳಿಕೆ ಉಂಟು. ಪೆಟ್ಟಿಗೆಯ ಗಾಳಿಯಲ್ಲಿ ಇರುವ ನೀರು ಬರೀ ಒಂದೆರಡು ಗ್ರಾಂ. ನೀರು ತುಂಬಿಕೊಂಡಿರುವುದು ಬಟ್ಟೆಯೊಳಗೆ. 5 ಕೆಜಿ ಹತ್ತಿ ಶೇ. 80 ತೇವದ ಗಾಳಿಯಿಂದ ಶೇ. 50ಕ್ಕೆ ಬರಬೇಕಾದರೆ 200ರಿಂದ 250 ಗ್ರಾಂ ನೀರು ಬಿಡಬೇಕು. ಅಷ್ಟು ಹೀರಲಿಕ್ಕೆ ಒಂದು ಕೆಜಿಯಷ್ಟು ಒಣ ಜೆಲ್ ಬೇಕು. ಚಪ್ಪಲಿ ಡಬ್ಬಿಯ 5 ಗ್ರಾಂ ಪೊಟ್ಟಣ ನಾಲ್ಕು ಹಾಕಿ ನಿಶ್ಚಿಂತೆಯಾದರೆ ಆಟಿ ತಿಂಗಳ ಮಳೆಯಲ್ಲಿ ಬೂಷ್ಟೇ ಸಿಗುವುದು. ಬಟ್ಟೆಯನ್ನು ಈಗಲೇ ಒಣ ದಿನದಲ್ಲಿ ಒಣಗಿಸಿ ಮುಚ್ಚಿದರೆ ಜೆಲ್ಲಿನ ಕೆಲಸ ಸೋರುವ ತೇವಕ್ಕೆ ಮಾತ್ರ. ಆಗ ಅರ್ಧ ಕೆಜಿ ಸಾಕು. ಕಿತ್ತಳೆ ಬಣ್ಣದ್ದು ಕೊಳ್ಳಿ, ನೀಲಿಯದ್ದರಲ್ಲಿ ವಿಷದ ಕೋಬಾಲ್ಟ್ ಉಂಟು. ಬಣ್ಣ ಬದಲಾದಾಗ ಒವನ್ನಿನಲ್ಲಿ 110ರಿಂದ 120 ಡಿಗ್ರಿ, ಎರಡು ಗಂಟೆ.

ನೂಲೆಣಿಕೆ

ಪೆಟ್ಟಿಗೆ ಪಾಲಿಪ್ರೊಪಿಲೀನಿನದ್ದಿರಲಿ, ಅಡಿಯಲ್ಲಿ ತ್ರಿಕೋನದೊಳಗೆ 5 ಅಂತ ಇರುತ್ತದೆ, ಮುಚ್ಚಳಕ್ಕೆ ರಬ್ಬರಿನ ಬದಲು ಸಿಲಿಕೋನ್ ಪಟ್ಟಿ. ಸೀರೆ ಅಂಗಡಿಯಲ್ಲಿ ಕೊಡುವ ಜಿಪ್ ಇರುವ ಪಾರದರ್ಶಕ ಕವರು ಹೆಚ್ಚಾಗಿ ಪಿವಿಸಿ. ಕಾಲಕ್ರಮದಲ್ಲಿ ಅದು ಅಂಟಂಟಾಗಿ ಆಮ್ಲ ಬಿಡುತ್ತದೆ. ಇವತ್ತೇ ಬಿಸಾಡಿ. ಹಲಸಿನ ಕಪಾಟೇ ಗತಿ ಅಂತಾದರೆ ಹಲಗೆಗೆ ಅಲ್ಯೂಮಿನಿಯಂ ಹಾಳೆ ಹಾಸಿ, ಮೇಲೆ ಎರಡು ಪದರ ತೊಳೆದ ಕೋರಾ ಬಟ್ಟೆ. ಮರ ಆಮ್ಲದ ಹಬೆ ಬಿಡುವುದಕ್ಕೆ ತಡೆ ಅದು. ಬಣ್ಣ ಹಾಕಿ ಕಾಯಿಸಿ ಗಟ್ಟಿ ಮಾಡಿದ ಸ್ಟೀಲ್ ಕಪಾಟು ಇನ್ನೂ ಒಳ್ಳೇದು. ಯಾವುದೇ ಆಗಲಿ, ಮಳೆ ಹೊಡೆಯುವ ಪಡುವಣ ಗೋಡೆಗೆ ಒರಗಿಸಬೇಡಿ, ಮುರಕಲ್ಲಿನ ಗೋಡೆ ನೀರು ಕುಡಿಯುತ್ತದೆ. ಒಳಗೋಡೆಯಿಂದ ಒಂದು ಗೇಣು, ನೆಲದಿಂದ ಅರ್ಧ ಗೇಣು ಬಿಡಿ. ಜೂನಿನಿಂದ ಸೆಪ್ಟೆಂಬರ್ ತನಕ ಗಾಳಿಗೆ ಅಂತ ಕಿಟಕಿ ತೆರೆಯಬಾರದು, ಒಳಗೆ ಬರುವುದು ಶೇ. 90ರ ಗಾಳಿ. ಶೇ. 65 ದಾಟಿ ಕೆಲವು ದಿನ ನಿಂತರೆ ಬೂಷ್ಟು ಏಳಲು ಸಾಕು.

ಸೀರೆಗಳನ್ನು ಮಡಚುವುದಕ್ಕಿಂತ ಸುತ್ತುವುದು ಮೇಲು. 3 ಇಂಚಿನ ಕೊಳವೆ, ಸೀರೆಯ ಅಗಲಕ್ಕಿಂತ ಎರಡೂ ಕಡೆ 3 ಇಂಚು ಹೆಚ್ಚು, ಮೇಲೆ ಪಾಲಿಯೆಸ್ಟರ್ ಹಾಳೆ, ಅದರ ಮೇಲೆ ಕೋರಾ ಬಟ್ಟೆ. ಚಂದದ ಬದಿ ಹೊರಗೆ, ಹಾಸಿನ ಉದ್ದಕ್ಕೆ, ಎಳೆಯದೆ ಸುತ್ತಿ, ಅಗಲ ಪಟ್ಟಿಯಿಂದ ಸಡಿಲ ಕಟ್ಟು. ಜಾಗ ಇಲ್ಲದೆ ಮಡಚುವುದಾದರೆ ಪ್ರತಿ ಮಡಿಕೆಯೊಳಗೆ ಹೆಬ್ಬೆರಳು ದಪ್ಪದ ಬಟ್ಟೆ ಸುರುಳಿ ಇಡಿ, ಆರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಕೋರಾ ಬಟ್ಟೆಯನ್ನು ಬಿಸಿನೀರಲ್ಲಿ ಎರಡು ಸಲ ಸೋಪಿಲ್ಲದೆ ತೊಳೆದು ಗಂಜಿ ತೆಗೆದೇ ಬಳಸಿ.

ತಳಂಗರೆಯವ

ತೊಪ್ಪಿಯ ಮಾತು ಯಾರೂ ಹೇಳಲಿಲ್ಲ. ಬಿಳಿ ಹತ್ತಿಯ ಮೇಲೆ ಬಿಳಿ ನೂಲಿನ ಕೈಕಸೂತಿ, ಗಲ್ಫಿಗೂ ಹೋಗುತ್ತಿದ್ದ ಕೆಲಸ, ಈಗ ಹೊಲಿಯುವ ಕೈಗಳು ಕಮ್ಮಿ. ಒಂದರೊಳಗೊಂದು ಸೇರಿಸಿ ಇಟ್ಟರೆ ಮೇಲಿನ ಅಂಚು ಒಡೆಯುತ್ತದೆ. ಹಳದಿಯಾಗಿದೆ, ಇದನ್ನಾದರೂ ತೊಳೆಯಬಹುದಾ ಅಕ್ಕಾ?

ನೂಲೆಣಿಕೆ

38ರಲ್ಲಿ ನೀರಿನ ಮಾತು ಆಡಬಹುದಾದವು ತೊಪ್ಪಿ ಮತ್ತು ಬಣ್ಣವಿಲ್ಲದ ಮುಂಡು ಮಾತ್ರ, ಅದೂ ನೂಲು ಗಟ್ಟಿ ಇದ್ದರೆ. ಮೂರರಲ್ಲಿ ಒಂದು ತೊಪ್ಪಿಯನ್ನು ಹಾಗೇ ಬಿಡಿ, ಗಂಜಿ ಹಾಕಿದ ಮೂಲ ರೂಪ ಅದರಲ್ಲಿ ಉಳಿಯಲಿ.

ಮೊದಲು ಒಳಪದರದಲ್ಲಿ ಒಂದು ಹನಿ ಡಿಸ್ಟಿಲ್ಡ್ ನೀರು, ಮೇಲೆ ಬಿಳಿ ಬ್ಲಾಟಿಂಗ್ ಕಾಗದ, ಒಂದು ನಿಮಿಷ ಒತ್ತಿ. ಹೊಲಿಗೆ ನೂಲಿನ ಮೇಲೂ ಹಾಗೇ. ಬಣ್ಣ ಇಳಿದರೆ ಅಲ್ಲಿಗೇ ನಿಲ್ಲಿಸಿ. ಇಳಿಯದಿದ್ದರೆ ನೈಲಾನ್ ಬಲೆಯ ಮೇಲಿಟ್ಟು ಚಪ್ಪಟೆ ತಟ್ಟೆಯಲ್ಲಿ ಮುಳುಗಿಸಿ. ಲೀಟರಿಗೆ 1 ಮಿಲಿ ಲಿಸಾಪೋಲ್ ಥರದ ಅಯಾನಿಕ್ ಅಲ್ಲದ ಡಿಟರ್ಜೆಂಟ್, ಕೋಣೆಯ ಶಾಖದ ನೀರು, 10 ನಿಮಿಷ, ಸ್ಪಂಜಿನಿಂದ ಒತ್ತುವುದು, ಉಜ್ಜುವುದಲ್ಲ. ನೊರೆ ನಿಲ್ಲುವ ತನಕ ನೀರು ಬದಲಿಸಿ, ಐದಾರು ಸಲ ಬೇಕಾಗುತ್ತದೆ, ಕೊನೆಯದು ಡಿಸ್ಟಿಲ್ಡ್. ಬಾವಿ ನೀರು ಬೇಡ, ಕೆಂಪುಮಣ್ಣಿನ ಕಬ್ಬಿಣ ಇದ್ದರೆ ಎರಡು ವರ್ಷದಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ. ಬ್ಲೀಚ್, ನೀಲಿ, ಹೊಸ ಗಂಜಿ ಯಾವುದೂ ಬೇಡ. ತಲೆಯಳತೆಯ ಬೋಗುಣಿಗೆ ಬಲೆ ಸುತ್ತಿ ಅದರ ಮೇಲೆ ನೆರಳಲ್ಲಿ ಒಣಗಿಸಿ.

ಉಳಿದದ್ದಕ್ಕೆಲ್ಲ ಧೂಳು ತೆಗೆಯುವುದು ಅಷ್ಟೇ: ವ್ಯಾಕ್ಯೂಮಿನ ಸೆಳೆತ ಕಡಿಮೆ ಮಾಡಿ, ಬಾಯಿಗೆ ನೈಲಾನ್ ಬಲೆ ಕಟ್ಟಿ, ಬಟ್ಟೆಗೆ ತಾಗಿಸದೆ. ಹಳೇ ಬೂಷ್ಟು ಇದ್ದರೆ ಮೊದಲು ಪೂರ್ತಿ ಒಣಗಿಸಿ ಆಮೇಲೆ ಬ್ರಶ್, ಒದ್ದೆಯಲ್ಲಿ ಬ್ರಶ್ ಹಾಕಿದರೆ ಕಲೆ ಒಳಗೆ ಕೂರುತ್ತದೆ. ದಗಲೆ, ಎದೆಪದಕ, ಹಸಿರು ಬಂದ ಜರಿ ಸೀರೆಗಳಿಗೆ ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ಮೈಸೂರಿನ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯಕ್ಕೆ ಫೋಟೋ ಸಮೇತ ಬರೆಯಿರಿ.

ಚೌಕಿಮನೆ

ಒಂದು ಮನೆಯವರು ಭೂತದ ಅಣಿಯ (ಬೆನ್ನಿಗೆ ಕಟ್ಟುವ ಅಲಂಕಾರದ) ಬಟ್ಟೆ, ದೈವದ ಭಂಡಾರದ ಪಟ್ಟೆ ಕೊಡುತ್ತೇವೆ ಅಂದರೆ ಗಡಿಬಿಡಿ ಮಾಡಬೇಡಿ. ನಡೆಯುತ್ತಿರುವ ಕಟ್ಟಲೆಯ ವಸ್ತುವನ್ನು ಯಾರು ಮುಟ್ಟಬೇಕು, ಎಲ್ಲಿಡಬೇಕು ಅಂತ ಅವರ ಹಿರಿಯರು, ಕೋಲ ಕಟ್ಟುವವರು ಸೇರಿ ಹೇಳಬೇಕು. ಅಲ್ಲೇ ಇದ್ದು ಚೆನ್ನಾಗಿ ಇಡಲು ನೆರವು ಕೊಟ್ಟರೂ ಕೆಲಸ ಆದ ಹಾಗೇ.

ಬದಿಯಡ್ಕದವ

ಸಮಿತಿಗೆ ಎಲ್ಲವನ್ನೂ ಓದಿ ಹೇಳಿದೆ, ತೊಳೆಯುವುದು ನಿಂತಿತು. ಫ್ರೀಜರ್ ಹುಡುಕುತ್ತಿದ್ದೇವೆ. ಕೊನೆಗೆ ಒಂದು: ಸಂಖ್ಯೆ ಬರೆಯುವುದು ಹೇಗೆ? ಸ್ಟೇಪ್ಲರ್ ಹೊಡೆದ ಚೀಟಿ ಈಗಾಗಲೇ ಒಂಬತ್ತು ಮುಂಡು ಶಲ್ಯಗಳಿಗೆ ಉಂಟು.

ನೂಲೆಣಿಕೆ

ಸ್ಟೇಪ್ಲರ್ ಪಿನ್ ಈ ವಾರವೇ ತೆಗೆಯಿರಿ, ಮಳೆ ಬಂದರೆ ತುಕ್ಕು ಹಿಡಿದು ತೂತಾಗುತ್ತದೆ. ಎಳೆಯಬೇಡಿ, ಹಿಂದಿನ ಎರಡು ಕಾಲನ್ನು ಚಪ್ಪಟೆ ಚಾಕುವಿನ ತುದಿಯಿಂದ ನೇರ ಮಾಡಿ ಮೇಲಿಂದ ಎತ್ತಿ. ಅರ್ಧ ಇಂಚಿನ ಹತ್ತಿ ನಾಡದ (ನೇಯ್ದ ಪಟ್ಟಿಯ) ತುಂಡಿಗೆ ಪಿಗ್ಮೆಂಟ್ ಶಾಯಿಯ ಪೆನ್ನಲ್ಲಿ ಸಂಖ್ಯೆ ಬರೆದು, ಒಂದು ರಾತ್ರಿ ನೀರಲ್ಲಿ ನೆನೆಸಿ ಶಾಯಿ ಹರಡುವುದಿಲ್ಲ ಅಂತ ನೋಡಿ, ಒಣಗಿಸಿ. ಸಣ್ಣ ಸೂಜಿ, ಬಿಳಿ ಹತ್ತಿ ನೂಲು, ಎರಡೂ ತುದಿಗೆ ಎರಡೆರಡು ಸಡಿಲ ಹೊಲಿಗೆ, ನೂಲುಗಳ ನಡುವೆ ಸೂಜಿ ಹೋಗಬೇಕು, ನೂಲನ್ನು ಚುಚ್ಚಬಾರದು. ಸೀರೆ ಮುಂಡುಗಳಿಗೆ ಒಳತುದಿಯ ಬಲಮೂಲೆ, ದಗಲೆ ಕೋಟಿಗೆ ಕುತ್ತಿಗೆಯ ಒಳಗೆ. ಎಲ್ಲದಕ್ಕೂ ಒಂದೇ ಜಾಗ ಇದ್ದರೆ ಮುಂದೆ ಹುಡುಕುವವರು ಬಟ್ಟೆ ಪೂರ್ತಿ ಬಿಡಿಸಬೇಕಾಗಿಲ್ಲ. ಜರಿ ಸೀಳಿದ ಸೀರೆ ಮತ್ತು ಕಪ್ಪು ಪುಡಿಯಾಗುವ ಸೋಗೆವಲ್ಲಿಗೆ ಹೊಲಿಯಬೇಡಿ, ನಾಡವನ್ನು ಸಡಿಲವಾಗಿ ಸುರುಳಿಗೆ ಕಟ್ಟಿ.